ಗಾಳೆಮ್ಮನ ವರ್ತಿ, ಗುತ್ತೇದಾರನ ಹೋಳಿಗಿ

ಗಾಳೆಮ್ಮ ಸಿಟ್ಟಿಗೆದ್ದರ ಬೈಯುತ್ತಿರಲಿಲ್ಲ, ಊಟಕ್ಕ ಕರೀತಿದ್ದಳು. ಇದು ಗೊತ್ತಿಲ್ಲದವರು ಖುಷಿಲೆ ಹೋಗಿ ಕೂಡ್ರುತ್ತಿದ್ದರು. ಗೊತ್ತಿದ್ದವರು "ಇವತ್ತು ಒಪ್ಪತ್ತು ಐತವ್ವ" ಅಂತ ಜಾರಿಕೊಳ್ಳುತ್ತಿದ್ದರು. ಒಮ್ಮೆ ಆಕಿ ಕೋಳಿಗೆ ಕಲ್ಲು ಒಗೆದವನೊಬ್ಬನನ್ನ ಕರೆದು ಕೂಡ್ರಿಸಿ, ಎರಡು ರೊಟ್ಟಿ, ಎಣ್ಣಿ ಬದನೀಕಾಯಿ ಬಡಿಸಿದಳು. ಅವನು ಎರಡನೇ ತುತ್ತು ಬಾಯಿಗೆ ಇಡೋ ಹೊತ್ತಿಗೆ ಆ ಕುಂಟೋ ಕೋಳಿ ತಂದು ಅವನ ಗಂಗಾಳದ ಎದುರಿಗೆ ಬಿಟ್ಟಳು. ಆ ಮನುಷ್ಯ ಮುಂದ ಆರು ತಿಂಗಳು ನಮ್ಮ ಓಣಿ ಬಿಟ್ಟು ಹಿತ್ತಲ ದಾರಿ ಹಿಡಿದು ತಿರುಗಾಡಿದ.

ಆಕಿ ಹುಟ್ಟಿದ್ದು ಮುಕ್ಕುಂದದಾಗ, ಹೊಳಿ ದಂಡಿಗೆ. ಸೊಸಿಯಾಗಿ ಬಂದದ್ದು ನಮ್ಮೂರಿಗೆ. ನಮ್ಮೂರು ಮಸ್ಕಿಯಿಂದ ಲಿಂಗಸುಗೂರಿಗೆ ಹೋಗೋ ಡಾಂಬರ ರಸ್ತಾ ಬಿಟ್ಟು ಎರಡು ಕೂಗಳತಿ ಒಳಗ ಐತಿ. ಆಗ ಮೂವತ್ತೆಂಟು ಮನಿ, ಒಂದು ಹಳ್ಳ, ಹಳ್ಳದ ಮಗ್ಗಲಕ ಒಂದು ದಿನ್ನಿ. ಆಕಿ ಗಂಡ ಗದ್ದೆಪ್ಪ ಹಟ್ಟಿಯಾಗ ಗಣಿ ಕೆಲಸಕ್ಕಿದ್ದ. ಪಾಳಿ ಮುಗಿಸಿ ವಾರಕ್ಕೊಮ್ಮೆ ಬಂದು, ಉಂಡು, ಮಲಗಿ, ಎದ್ದು ಹೋಗುತ್ತಿದ್ದ. ಗಾಳೆಮ್ಮ ಅಂತಿದ್ದಳು, "ನನ್ನ ಗಂಡ ನೆಲದ ಒಳಗಿನ ಮಣ್ಣು ತೆಗೀತಾನ, ನಾ ನೆಲದ ಮ್ಯಾಲಿನ ಮಣ್ಣು ಹೊರತೀನಿ. ಬಂಗಾರ ಮಾತ್ರ ಇಬ್ಬರಿಗೂ ಸಿಕ್ಕಿಲ್ಲ."

ಮಣ್ಣು ಹೊರೋದು ಆಕಿಗೆ ಸಣ್ಣಾಕಿ ಇದ್ದಾಗಿನಿಂದ ಬಂದ ವಿದ್ಯಾ. ವಳಕಮದಿನ್ನಿ ಕಡಿ ಕಾಲುವಿ ಕೆಲಸ ನಡೆದಾಗ ಅವ್ವನ ಬೆನ್ನಹಿಂದ ಪುಟ್ಟಿ ಹೊತ್ತಾಕಿ. ಹೊಸ ಕೆಲಸಕ್ಕ ಹೋದರ ಮೊದಲು ಒಂದು ಹಿಡಿ ಮಣ್ಣು ಮುಷ್ಟಿಯಾಗ ಒತ್ತಿ ಹಿಡಿದು, ಬಿಟ್ಟು, ಊದಿ ನೋಡುತ್ತಿದ್ದಳು. "ಇದು ಕೂಡ್ರೋ ಮಣ್ಣು" ಅಂತಿದ್ದಳು, ಇಲ್ಲಂದ್ರ "ಇದು ಓಡೋ ಮಣ್ಣು, ಮಳಿ ಹನಿ ಕಂಡರ ಸಾಕು, ತವರಿಗೆ ಹೊಂಟ ಹೊಸ ಸೊಸಿಯಂಗ ತಿರುಗಿ ನೋಡಂಗಿಲ್ಲ" ಅಂತಿದ್ದಳು.

ನಾನು ತಿಮ್ಮವ್ವ, ಆಕಿ ಗ್ವಾಡಿಗೆ ಗ್ವಾಡಿ ಹಚ್ಚಿದ ಮನಿಯಾಕಿ. ನಮ್ಮ ಮನಿಯವರು ತೀರಿಕೊಂಡ ಮ್ಯಾಲ ಆಕಿನೇ ನನ್ನ ಕೈ ಹಿಡಿದು ಕೂಲಿಗೆ ಕರಕೊಂಡು ಹೋದಾಕಿ. ಇಬ್ಬರದೂ ಒಂದೇ ಕೆಲಸ, ಒಂದೇ ವರ್ತಿ.

ವರ್ತಿ ಅಂದ್ರ ಹಳ್ಳದ ದಂಡಿ ಉಸುಕು ಬಗೆದು ಮಾಡಿದ ಗುಂಡಿ. ಮೊಣಕಾಲು ಆಳ, ಒಂದೂವರಿ ಮೊಳ ಅಗಲ. ಹಳ್ಳ ಹರೀಲಿ, ಒಣಗಲಿ, ಉಸುಕಿನ ಒಳಗಿಂದ ಸೋಸಿಕೊಂಡು ತಿಳಿ ನೀರು ಅದರಾಗ ಬಂದು ನಿಲ್ಲತೈತಿ. ತೆಂಗಿನ ಚಿಪ್ಪಿಲೆ ತುಂಬಿ ತುಂಬಿ ಕೊಡಕ್ಕ ಹಾಕಬೇಕು. ನೂರಾ ಹತ್ತು ಚಿಪ್ಪಿಗೆ ನನ್ನ ಕೊಡ ತುಂಬುತ್ತಿತ್ತು, ಗಾಳೆಮ್ಮನದಕ್ಕ ನೂರಾ ಇಪ್ಪತ್ತು. ಆ ವರ್ತಿ ಆಕಿ ಅತ್ತಿಯದು. "ಸಾಯೋ ಮುಂದ ಅತ್ತಿ ಕೊರಳಾಗಿನ ಬೋರಮಾಳ ಕೊಡತಾಳಂತ ಮಾಡಿದ್ದೆ. ಹಳ್ಳಕ್ಕ ಕರಕೊಂಡು ಹೋಗಿ ಈ ಜಾಗಾ ತೋರಿಸಿ ಸತ್ತಳು ನೋಡು" ಅಂತ ನಗುತ್ತಿದ್ದಳು. ನಕ್ಕರೂ ಆ ಜಾಗಾ ಬೋರಮಾಳದಂಗನ ಕಾಯುತ್ತಿದ್ದಳು. ಅದರ ದಂಡಿಗೆ ಯಾರರ ಅರಿವಿ ಒಗೆದರ ಮುಗೀತು, ಅವರಿಗೆ ಆವತ್ತು ಊಟದ ಕರೆ.

ಯಾಕಂದ್ರ ಆ ನೀರಿನ್ಯಾಗ ಬ್ಯಾಳಿ ಹಾಕಿದರ ಎರಡು ಕುದಿಗೆ ಬೆಣ್ಣಿ ಆಗುತ್ತಿತ್ತು. ಊರಾಗ ಬೋರಿಂಗೂ ಒಂದಿತ್ತು, ಖರೆ. ಅದರ ನೀರು ಸವಳು. ಅದರಾಗ ಹಾಕಿದ ಬ್ಯಾಳಿ ಮುಂಜಾನಿಯಿಂದ ಮಧ್ಯಾಹ್ನದತನಕ ಕುಣೀತಿತ್ತೇ ಹೊರತು ಬೇಯುತ್ತಿರಲಿಲ್ಲ. ಹಂಗಾಗಿ ಬೋರಿಂಗು ಎಮ್ಮಿಗೆ, ಅರಿವಿಗೆ. ವರ್ತಿ ಬಾಯಿಗೆ, ಒಲಿಗೆ. ವರ್ತಿ ಹೋದರ ಸಿಹಿ ನೀರಿಗೆ ಮೂರು ಮೈಲು ನಡೀಬೇಕು.

ತೊಂಬತ್ತೊಂದನೇ ಇಸವಿ ಬ್ಯಾಸಗಿಯಾಗ ಸಿಂಧನೂರಿನ ಪಂಪಣ್ಣ ಗುತ್ತೇದಾರ ಬಂದ. ದಿನ್ನಿ ಮ್ಯಾಲ ಒಬ್ಬ ಸಾವಕಾರನ ಭತ್ತದ ಗೋದಾಮು ಕಟ್ಟೋ ಕೆಲಸ ಹಿಡಿದಿದ್ದ. ಪಂಪಣ್ಣ ಕೆಟ್ಟವನಲ್ಲ, ಹೊಟ್ಟಿ ಕುಣಿಸಿಕೊಂಡು ನಗೋ ಮನುಷ್ಯ. ಅವನ ಮೇಸ್ತ್ರಿ ದಾದೇಸಾಬ, ತೆಳ್ಳಗ, ಬಿಳೇ ಲುಂಗಿ, ಕಿವಿ ಮ್ಯಾಲ ಒಂದು ಬೀಡಿ. ನಮ್ಮೂರ ಹೆಣ್ಣಮಕ್ಕಳಿಗೆಲ್ಲ ಕೆಲಸ ಸಿಕ್ಕಿತು. ಮನಿ ಬಾಗಿಲಿಗೆ ಕೆಲಸ ಬಂದದ್ದು ಅದೇ ಮೊದಲು. ದಿನ್ನಿ ಕಡಿದು ನೆಲ ಸಪಾಟ ಮಾಡೋದು, ಕಡಿದ ಗರಸು ಮಣ್ಣು ಪುಟ್ಟಿಲೆ ಹೊತ್ತು ಇಳುಕಲಿಗೆ ಸುರಿಯೋದು. ಇಳುಕಲು ಇದ್ದದ್ದು ಹಳ್ಳದ ಕಡಿ. ಸುಳ್ಳು ಯಾಕ ಹೇಳಲಿ, ಹಳ್ಳದ ಕಡಿ ಮಣ್ಣು ಕಳಿಸಿದವರು ನಾವೇ. ಪುಟ್ಟಿ ನಮ್ಮ ತಲಿ ಮ್ಯಾಲೇ ಇತ್ತು.

ಮೊದಲ ದಿನಾನೇ ಗಾಳೆಮ್ಮ ಒಂದು ಹಿಡಿ ಗರಸು ಒತ್ತಿ ಊದಿ ನೋಡಿ, "ಓಡೋ ಮಣ್ಣು" ಅಂದಿದ್ದಳು. ಬ್ಯಾಸಗಿಯಾಗ ಯಾರು ಕೇಳತಾರ?

ಮಿರಗದ ಮಳಿ ಬಂತು. ದೊಡ್ಡದೇನಲ್ಲ, ಮಾಳಗಿ ಸೋರಿಸೋವಷ್ಟು. ಮರುದಿನ ಕೊಡ ತಗೊಂಡು ಹಳ್ಳಕ್ಕ ಹೋದರ ನಮ್ಮ ವರ್ತಿ ಇದ್ದ ಜಾಗದಾಗ ಕೆಂಪು ರಾಡಿ. ಗಾಳೆಮ್ಮ ಬೆರಳಿಟ್ಟು ಅಳತಿ ಮಾಡಿದಳು, ಎರಡು ಬೆರಳು ದಪ್ಪ. ಬಗೆದು ತೆಗೆದಿವಿ. ಬಂದ ನೀರೂ ಕೆಂಪೇ. ಇನ್ನೊಂದು ಕಡಿ ಬಗೆದಿವಿ. ಅಲ್ಲಿ ನೀರೇ ಬರವಲ್ದು.

"ಯಾಕಬೇ ಬರವಲ್ದು?" ಅಂದೆ.

"ಜರಡಿಗೆ ಕಣಕ ಮೆತ್ತಿದರ ಹಿಟ್ಟು ಇಳೀತೈತೇನು?" ಅಂದಳು. "ಗರಸಿನ ನುಣ್ಣನ ಮಣ್ಣು ಉಸುಕಿನ ಸಂದ್ಯಾಗ ಹೊಕ್ಕೈತಿ. ಇನ್ನೂ ನಾಕು ಮಳಿ ಹಿಂಗ ಆತಂದ್ರ ಉಸುಕಿನ ಕಣ್ಣೆಲ್ಲ ಮುಚ್ಚತಾವ. ಆಮ್ಯಾಲ ಕುದುರಿ ಕಟ್ಟಿ ಬಗೆದರೂ ವರ್ತಿ ಬದುಕಂಗಿಲ್ಲ."

ಕೊಡ ಅಲ್ಲೇ ಇಟ್ಟು ಸೀದಾ ದಾದೇಸಾಬನ ಹತ್ತಿರ ಹೋದಳು. ನಾನೂ ಹೋದೆ.

"ಮೇಸ್ತ್ರಿ, ನಿಮ್ಮ ಮಣ್ಣು ನಮ್ಮ ವರ್ತಿಗೆ ಬಂದು ಕುಂತೈತಿ."

"ಮಳಿ ಏನು ನನ್ನ ಹುಕುಂ ಕೇಳಿ ಬರತೈತೇನವ್ವ?"

"ಮಳಿ ಕೇಳಂಗಿಲ್ಲ, ನಾವು ಕೇಳತೀವಿ. ದಿನ್ನಿ ಆ ಕಡಿ ಬದಿಗೆ ಸುರೀರಿ ಅನ್ನು, ಅಲ್ಲೇ ಸುರೀತೀವಿ."

"ಅಲ್ಲಿಗೆ ನಲವತ್ತು ಹೆಜ್ಜಿ ಜಾಸ್ತಿ ಅಕ್ಕೈತಿ. ಕೆಲಸ ಹಿಂದ ಬಿದ್ದರ ಗುತ್ತೇದಾರ ನನ್ನ ಕುತ್ತಿಗಿ ಹಿಡೀತಾನ."

ಅಷ್ಟರಾಗ ಪಂಪಣ್ಣನ ಜೀಪು ಬಂತು. ಅವನೂ ಕೇಳಿಸಿಕೊಂಡ. ಹೊಟ್ಟಿ ಕುಣಿಸಿ ನಕ್ಕ.

"ಮಳಿಗಾಲದಾಗ ಯಾವ ಹಳ್ಳ ರಾಡಿ ಆಗಂಗಿಲ್ಲ ಹೇಳು ಗಾಳವ್ವಾ?"

"ಹಳ್ಳದ ರಾಡಿ ಹಳ್ಳ ಬಂದಾಗ ಬರತೈತಿ, ಹಳ್ಳದ ಕೂಡ ಹೋಗತೈತಿ ಯಪ್ಪಾ. ನಿಮ್ಮ ರಾಡಿ ಹಂಗಲ್ಲ. ಒಂದು ತುಂತುರಿಗೆ ಬರತೈತಿ, ಬಂದು ಬೀಗರಂಗ ಕುಂತುಬಿಡತೈತಿ."

"ಬೋರಿಂಗ್ ಐತಲ್ಲ, ಅದನ್ನ ಬಳಸ್ರಿ" ಅಂದು ಪಂಪಣ್ಣ ಜೀಪು ಹತ್ತಿದ.

ಗಾಳೆಮ್ಮ ಜೋರು ಮಾಡಲಿಲ್ಲ. ಜೋರು ಮಾಡಿದರ ಕೆಲಸ ನಿಲ್ಲತೈತಿ, ಮೂವತ್ತೆಂಟು ಮನಿ ಒಲಿ ಆರತಾವ. "ಹೌದ್ರಿ, ಬೋರಿಂಗ್ ಐತಿ" ಅಂದಳು. ಆ ಮಾತು ಆಕಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು ಅಂತ ನನಗ ಆಗ ಗೊತ್ತಾಗಲಿಲ್ಲ.

ಆಮ್ಯಾಲ ತಾನೇ ಒಂದು ಉಪಾಯ ಮಾಡಿದಳು. ತವರಿನಿಂದ ಅರ್ಧ ಟ್ರೇಲರ್ ಭತ್ತದ ಹುಲ್ಲು ತರಿಸಿದಳು. ಭತ್ತದ ಗದ್ದಿಯೊಳಗ ನೀರು ಬಿಡೋ ಬಾಯಿಗೆ ಹುಲ್ಲಿನ ಸಿವುಡು ಇಟ್ಟರ ಮಣ್ಣು ಕೊರೆಯಂಗಿಲ್ಲ, ಅದು ಅವರ ಕಡಿಯವರಿಗೆಲ್ಲ ಗೊತ್ತು. ಹುಲ್ಲನ್ನ ತೊಡಿ ದಪ್ಪ ಹೊಸೆದು, ಇಳುಕಲಿಗೆ ಅಡ್ಡ ಮೂರು ಸಾಲು ಹಾಸಿ, ಗೂಟ ಬಡಿದಿವಿ. ಆವತ್ತು ಸಂಜಿಗೆ ತುಂತುರು ಬಂತು. ನೀರು ಹುಲ್ಲಿಗೆ ಬಂದು ನಿಂತು, ಮಣ್ಣು ಅಲ್ಲೇ ಬಿಟ್ಟು, ತಿಳಿಯಾಗಿ ಇಳೀತು. ಗಾಳೆಮ್ಮ ಸೊಂಟದ ಮ್ಯಾಲ ಕೈ ಇಟ್ಟುಕೊಂಡು ನೋಡೇ ನೋಡಿದಳು.

ಮುಂಜಾನಿ ಹೋದರ ಗೂಟ ಅಷ್ಟೇ ಇದ್ದವು.

ಮುಕ್ಕುಂದದಾಗ ಭತ್ತದ ಹುಲ್ಲು ಕಾಲಾಗ ಬಿದ್ದಿರತೈತಿ, ದನ ಮೂಸಿ ಮುಂದ ಹೋಗತಾವ. ನಮ್ಮ ಎರಿ ಸೀಮಿ ಎಮ್ಮಿ ಹುಟ್ಟಿದಾಗಿನಿಂದ ಜ್ವಾಳದ ಸೊಪ್ಪಿ ತಿಂದಂಥವು. ಅವಕ್ಕ ಅದು ಮದುವಿ ಊಟ. ಮುದುಕಪ್ಪನ ಹನ್ನೊಂದು ಎಮ್ಮಿ ಮೂರೂ ಸಾಲು ಮುಗಿಸಿ, ಗೋದಾಮಿನ ನೆರಳಿನ್ಯಾಗ ಮೆಲುಕು ಹಾಕುತ್ತ ಮಲಗಿದ್ದವು. ಮುದುಕಪ್ಪ ಬಂದವನು ಎರಡೂ ಕೈ ಮುಗಿದ.

"ಯಕ್ಕಾ, ಪುಣ್ಯ ಬರಲಿ. ಹಾಲು ಭಾಳ ಗಟ್ಟಿ ಬಂದೈತಿ. ನಾಳಿ ಒಂದೀಟು ಉಪ್ಪಿನ ನೀರು ಚಿಮುಕಿಸಿ ಹಾಕು, ಇನ್ನೂ ಚಲೋ ತಿಂತಾವ."

ಆ ದಿನ ಮುದುಕಪ್ಪಗ ಊಟದ ಕರೆ ಹೋಯಿತು. ಅವನಿಗೆ ಗೊತ್ತಿತ್ತು, ಬರಲಿಲ್ಲ.

ಎರಡನೇ ಸಲ ತೊಗರಿ ಕಟ್ಟಿಗಿ. ಎಮ್ಮಿ ತಿನ್ನಂಗಿಲ್ಲ. ಸುಗ್ಗಿ ಮುಗಿದ ಮ್ಯಾಲ ಹೊಲದಾಗ ಒಟ್ಟಿದ್ದ ಹದಿನಾರು ಹೊರಿ ತಂದು, ಹೊರಿಗೆ ಹೊರಿ ಹೆಣೆದು ಕಟ್ಟಿದಳು. ಒಂದು ಮಳಿ ತಡೀತು. ಎರಡನೇ ಮಳಿ ಹೊತ್ತಿಗೆ ಸಾಲಿನ ನಡುವ ಹಲ್ಲು ಬಿದ್ದಂಗ ಸಂದಿ. ಮೂರನೇ ಮಳಿ ಹೊತ್ತಿಗೆ ಹಲ್ಲಿಗಿಂತ ಸಂದಿನೇ ಹೆಚ್ಚು. ಮಳಿಗಾಲದಾಗ ಒಣ ಕಟ್ಟಿಗಿ ಅಂದ್ರ ಯಾರ ಕೈ ಸುಮ್ಮನಿರತಾವ? ಓಣ್ಯಾಗ ಎಲ್ಲರೂ ಒಬ್ಬರ ಮಾರಿ ಒಬ್ಬರು ನೋಡಿ "ಛೀ, ಎಂಥಾ ಮಂದಿನವ್ವ" ಅಂದರು. ಎಲ್ಲರಿಗಿಂತ ಜೋರಾಗಿ ಅಂದಾಕಿ ನಾನು.

ಬರೋಬರಿ ಹೇಳಬೇಕಂದ್ರ ಹದಿನಾರರಾಗ ಏಳು ಹೊರಿ ನನ್ನ ಅಟ್ಟದ ಮ್ಯಾಲಿದ್ದವು, ದಿನಾ ನಾಕು ಕಡ್ಡಿ ಎಳೆದು ಒಲಿಗೆ ಹಾಕುತ್ತಿದ್ದೆ.

ಪಂಪಣ್ಣಗ ನಗೋಕೆ ಇಷ್ಟು ಸಾಕಾಗಿತ್ತು. "ಎಮ್ಮಿಗೆ ಮೇವು, ಒಲಿಗೆ ಕಟ್ಟಿಗಿ! ಗಾಳವ್ವ ನನ್ನ ಜಾಗದಾಗ ಧರ್ಮಛತ್ರ ತೆಗೆದಾಳ ನೋಡೊ ದಾದೇಸಾಬ" ಅಂದ. ಅಷ್ಟು ಹೊತ್ತಿಗೆ ವರ್ತಿ ಮ್ಯಾಲಿನ ಹೂಳು ಐದು ಬೆರಳಾಗಿತ್ತು. ನಾವು ಮೂರು ಮೈಲಿನ ದಾರಿ ಹಿಡಿದಿದ್ದೆವು. ಹುಬ್ಬಿ ಮಳಿ ದೊಡ್ಡದು ಬರತೈತಿ, ಅದರೊಳಗ ಮಣ್ಣು ನಿಲ್ಲಿಸದಿದ್ದರ ವರ್ತಿ ಆಸೆ ಬಿಡಬೇಕು ಅಂತ ಗಾಳೆಮ್ಮ ದಿನಕ್ಕೊಮ್ಮೆ ಅಂತಿದ್ದಳು. ಹುಬ್ಬಿಗೆ ಉಳಿದದ್ದು ಇಪ್ಪತ್ತೆರಡು ದಿನ.

ಆಗ ಗೋದಾಮಿನ ಮುಂದಿನ ಎರಡು ಖೋಲಿಗೆ ಸ್ಲ್ಯಾಬ್ ಹಾಕೋ ದಿನ ಬಂತು.

ಸ್ಲ್ಯಾಬ್ ಹಾಕಿದ ದಿನ ಕೆಲಸದವರಿಗೆಲ್ಲ ಊಟ ಹಾಕೋದು ಗುತ್ತೇದಾರರ ಪದ್ಧತಿ. ಪಂಪಣ್ಣನದು ಹೋಳಿಗಿ ಊಟ. ಅದರಾಗ ಅವನದೊಂದು ಕಟ್ಟುನಿಟ್ಟು ಇತ್ತು. ಮೊದಲನೇ ಹೋಳಿಗಿ ಅವರವ್ವ ಮಾರೆಮ್ಮ ಮುರೀಬೇಕು. ಆಕಿ ಉಂಡು "ಗಟ್ಟಿ ಇರಲಿ" ಅಂದ ಮ್ಯಾಲ ಉಳಿದವರ ಎಲಿ, ಆಮ್ಯಾಲೇ ಮುಂದಿನ ಕೆಲಸಕ್ಕ ಕೈ. ಮೊದಲನೇ ಗುತ್ತಿಗಿಯಿಂದ ಹಂಗೇ ನಡೆಸಿಕೊಂಡು ಬಂದಿದ್ದ, ಒಮ್ಮೆಯೂ ತಪ್ಪಿಸಿರಲಿಲ್ಲ.

ನಮ್ಮ ಸೀಮಿಯಾಗ ಹೋಳಿಗಿ ಅಂದ್ರ ಗಾಳೆಮ್ಮನ ಕೈ. ಪಂಪಣ್ಣ ತಾನೇ ಬಂದು ಕೇಳಿದ.

"ಗಾಳವ್ವಾ, ಆರು ಸೇರು ಕಡ್ಲಿಬ್ಯಾಳಿ ಕೊಡಸ್ತೀನಿ. ಅವ್ವ ಬರಾಕತ್ಯಾಳ. ಮರ್ಯಾದಿ ಉಳಸು."

"ಆಗಲಿ ಯಪ್ಪಾ. ನೀರು ಎಲ್ಲಿಂದು ತರಲಿ?"

ಪಂಪಣ್ಣನ ಲಕ್ಷ್ಯ ಜಲ್ಲಿ ಲಾರಿ ಕಡಿ ಇತ್ತು. "ಬೋರಿಂಗ್ ಐತಲ್ಲವ್ವ!"

"ಆಗಲಿ" ಅಂದಳು ಗಾಳೆಮ್ಮ. ದಾದೇಸಾಬನ ಕಡಿ ತಿರುಗಿ, "ನೀನೂ ಕೇಳಿಸಿಕೊಂಡಿ ಅಲ್ಲ ಮೇಸ್ತ್ರಿ?" ಅಂದಳು. ದಾದೇಸಾಬ ಬೀಡಿ ಹಚ್ಚುತ್ತ ಗೋಣು ಹಾಕಿದ.

ಸ್ಲ್ಯಾಬಿನ ದಿನ ಕೋಳಿ ಕೂಗೋ ಹೊತ್ತಿಗೆ ಮೂರು ಕಲ್ಲಿಟ್ಟು ಹಂಡೆ ಏರಿಸಿದಳು. ಬೋರಿಂಗಿನ ನೀರು ಎಂಟು ಕೊಡ ಹೊಡೆದು ತಂದಿವಿ. "ತಿಮ್ಮಿ, ಕಟ್ಟಿಗಿ ಭಾಳ ಬೇಕಾಗತಾವ ಇವತ್ತು" ಅಂದಳು. "ನಿನ್ನ ಅಟ್ಟದ ಮ್ಯಾಲ ಒಣವು ಅದಾವಂತಲ್ಲ, ತಾ."

"ಅವು… ನಮ್ಮ ಹೊಲದವು" ಅಂದೆ. ನನಗ ಹೊಲ ಇಲ್ಲ.

"ಯಾರ ಹೊಲದವರ ಇರಲಿ ಬೇ, ಉರಿದರ ಸಾಕು" ಅಂದಳು, ಮಾರಿ ಮ್ಯಾಲ ಏನೂ ಇಲ್ಲ. ಏಳೂ ಹೊರಿ ನಾನೇ ಹೊತ್ತು ತಂದು ಆಕಿ ಒಲಿ ಮುಂದ ಹಾಕಿದೆ.

ಒಂಬತ್ತಕ್ಕ ಮಿಕ್ಸರ್ ಗುಡುಗುಡು ಶುರು ಆತು. ಬಾಂಡಲಿ ಕೈಯಿಂದ ಕೈಗೆ ಹೋಗಾಕತ್ತವು. ಹಂಡೆಯಾಗ ಬ್ಯಾಳಿ ಕುಣಿಯಾಕತ್ತಿತ್ತು. ಹನ್ನೊಂದಕ್ಕ ದಾದೇಸಾಬ ಬಂದ.

"ಬೆಂತೇನವ್ವ?"

"ಕುದಿಯಾಕತ್ತೈತಿ."

ಹನ್ನೆರಡಕ್ಕ ಪಂಪಣ್ಣ ಬಂದ. "ಬೆಂತೇನವ್ವ?"

"ಕುದಿಯಾಕತ್ತೈತಿ ಯಪ್ಪಾ. ನಿಮ್ಮ ಸ್ಲ್ಯಾಬು?"

"ಅದು ಮುಗೀತು!"

"ಚಲೋ ಆತು. ಅದರ ಗಟ್ಟಿ ಅದಕ್ಕ ಬರಲಿ, ಇದರ ಗಟ್ಟಿ ಇದಕ್ಕ ಐತಿ."

ಒಂದಕ್ಕ ನಾನು ಒಂದು ಬ್ಯಾಳಿ ತೆಗೆದು ಹಿಚುಕಿದೆ. ಬೆರಳು ನೊಂದಿತು. "ಗಾಳಿ, ಈಗರ ಒಂದು ಕೊಡ ಸಿಹಿ ನೀರು ತರೂಣೇನು? ಮೂರು ಮೈಲು ಹೋಗಿ ಬರತೀನಿ" ಅಂದೆ. ಏಳು ಹೊರಿ ಪಾಪ ಕಳಕೊಳ್ಳೋ ಆಸೆ ನನಗ. ಆಕಿ ಸೌಟು ಎತ್ತಿ ತೋರಿಸಿ ಅಂದಳು, "ಗುತ್ತೇದಾರ ಹೇಳಿದಂಗ ಮಾಡೋ ಕೂಲ್ಯಾಕಿ ನಾನು. ಹೆಚ್ಚಿಲ್ಲ, ಕಮ್ಮಿಲ್ಲ."

ಬೆಲ್ಲ ಹಾಕಿ ಒಳಕಲ್ಲಿನ್ಯಾಗ ರುಬ್ಬಿದರ ಹೂರಣ ಉಸುಕಿನಂಗ ಆತು. ಲಟ್ಟಿಸೋ ಮುಂದ ಕಣಕ ಹರಿದು ಬ್ಯಾಳಿ ಚೂರು ಹೊರಗ ಇಣುಕಿ ನೋಡಾಕತ್ತವು. ಹಂಗೇ ಬೇಯಿಸಿ, ಮ್ಯಾಲ ತುಪ್ಪ ಧಾರಾಳ ಹಾಕಿದಳು.

ಎರಡಕ್ಕ ಜೀಪು ಬಂತು. ಮಾರೆಮ್ಮ ಇಳಿದಳು. ಎಪ್ಪತ್ತರ ಮುದುಕಿ, ಹಣಿ ತುಂಬ ಈಬತ್ತಿ, ಬೆನ್ನು ಬಿದಿರಿನಂಗ ನೆಟ್ಟಗ. ಮಗ ಗುತ್ತೇದಾರ ಆಗೋಕಿಂತ ಮುಂಚೆ ಆಕಿನೂ ಕಾಲುವಿ ಕೆಲಸದಾಗ ಪುಟ್ಟಿ ಹೊತ್ತಾಕಿ. ಆ ಬೆನ್ನು ನೋಡಿದರ ನಮಗ ಗೊತ್ತಾಗತೈತಿ. ಎಲಿ ಮುಂದ ಕುಂತಳು. ಎಲ್ಲರೂ ಸುತ್ತ ನಿಂತಿವಿ. ಗಾಳೆಮ್ಮ ಬಗ್ಗಿ ಎರಡು ಹೋಳಿಗಿ ಬಡಿಸಿದಳು. ಮಾರೆಮ್ಮ ಮುರಿದು ಬಾಯಿಗೆ ಇಟ್ಟಳು.

ಕಟಕ್ ಅಂತು. ಎಲ್ಲರಿಗೂ ಕೇಳಿಸಿತು.

ಮಾರೆಮ್ಮ ದವಡಿ ನಿಲ್ಲಿಸಿದಳು. ಬಾಯಾಗಿಂದ ಒಂದು ಬ್ಯಾಳಿ ತೆಗೆದು ಅಂಗೈ ಮ್ಯಾಲ ಇಟ್ಟು ನೋಡಿದಳು.

"ಲೇ ಪಂಪಾ, ಸ್ಲ್ಯಾಬಿನ ಜಲ್ಲಿ ಉಳಿದಿತ್ತೇನೊ?"

ಪಂಪಣ್ಣನ ಹೊಟ್ಟಿ ಆ ದಿನ ಮೊದಲನೇ ಸಲ ಕುಣೀಲಿಲ್ಲ. "ಗಾಳವ್ವಾ, ಏನವ್ವ ಇದು! ಮರ್ಯಾದಿ ಉಳಸು ಅಂದಿದ್ದೆ."

ಗಾಳೆಮ್ಮ ಸೆರಗು ಹೊದ್ದು ಕೈ ಮುಗಿದು ನಿಂತಳು. ಅಷ್ಟು ಬಡಪಾಯಿ ಮಾರಿ ನಾನು ಆಕಿದು ಮೊದಲು ನೋಡಿದ್ದಿಲ್ಲ, ಆಮ್ಯಾಲೂ ನೋಡಿಲ್ಲ. "ನೀವು ಹೇಳಿದ ನೀರಿನ್ಯಾಗ ಕುದಿಸೀನ್ರಿ. ಬೋರಿಂಗ್ ಐತಲ್ಲ ಅಂದ್ರಿ. ಮೇಸ್ತ್ರಿ ಸಾಕ್ಷಿ ಅದಾನ. ಕೋಳಿ ಕೂಗಿದಾಗ ಹಚ್ಚಿದ ಒಲಿ, ಏಳು ಹೊರಿ ಕಟ್ಟಿಗಿ ಉರಿದಾವ. ತಿಮ್ಮವ್ವನ ಕೇಳ್ರಿ."

ನಾನು ನೆಲ ನೋಡಿದೆ.

"ಬೋರಿಂಗಿನ್ಯಾಗ ಯಾರರ ಬ್ಯಾಳಿ ಬೇಯಸ್ತಾರೇನೊ ಮೂಳ?" ಅಂದಳು ಮಾರೆಮ್ಮ ಮಗಗ. ಆಮ್ಯಾಲ ಗಾಳೆಮ್ಮಗ, "ಊರಾಗ ಸಿಹಿ ನೀರಿಲ್ಲೇನಬೇ?"

"ಇತ್ತುರೀ."

"ಇತ್ತು ಅಂದ್ರ?"

"ಬರ್ರಿ ಯವ್ವಾ, ತೋರಸ್ತೀನಿ."

ಎಲಿ ಬಿಟ್ಟು ಮುದುಕಿ ಎದ್ದಳು. ಹಿಂದ ಪಂಪಣ್ಣ, ಅವನ ಹಿಂದ ದಾದೇಸಾಬ, ಅವನ ಹಿಂದ ಹಸಿದ ನಲವತ್ತು ಮಂದಿ. ಹಳ್ಳದ ದಂಡಿಗೆ ಮಾರೆಮ್ಮ ಕುಕ್ಕರಗಾಲಿಲೆ ಕುಂತು ರಾಡಿಯಾಗ ಬೆರಳು ಇಳಿಸಿದಳು. ಐದೂ ಬೆರಳು ಅಡ್ಡ ಇಟ್ಟು ಅಳೆದಳು. ಹೂಳಿನ ಪದರ ಎತ್ತಿದಳು, ಮಡಿಕಿ ಹೆಂಚಿನಂಗ ಎದ್ದಿತು. ತಲಿ ಎತ್ತಿ ಇಳುಕಲು ನೋಡಿದಳು. ಗೋದಾಮಿನಿಂದ ನೀರಿನತನಕ ಎಲಿ ಅಡಿಕಿ ಉಗುಳಿದಂಗ ಕೆಂಪು ಜಾಡು.

"ಪುಟ್ಟಿ ಹೊತ್ತವರು ಯಾರು?"

"ನಾವೇರಿ" ಅಂದಿವಿ.

"ಇಲ್ಲೇ ಸುರೀರಿ ಅಂದವ ಯಾರು?"

ನಾವೆಲ್ಲ ದಾದೇಸಾಬನ್ನ ನೋಡಿದಿವಿ. ದಾದೇಸಾಬ ಪಂಪಣ್ಣನ್ನ ನೋಡಿದ. ಪಂಪಣ್ಣ ಆಕಾಶ ನೋಡಿದ.

"ಮ್ಯಾಲ ಏನು ನೋಡತಿ? ಮಳಿರಾಯ ಗುತ್ತಿಗಿ ಹಿಡಿದಾನೇನು?" ಅಂದಳು ಮಾರೆಮ್ಮ. "ನನ್ನ ತಲಿ ಮ್ಯಾಲಿನ ಸಿಂಬಿ ಗಾಯ ಇನ್ನೂ ಐತಿ. ಮಣ್ಣು ಹೊರೋರ ಬಾಯಿಗೆ ಮಣ್ಣು ಹಾಕಿದಿ ಮಗನ! ಕೇಳಿಲ್ಲಿ. ಈ ವರ್ತಿ ನೀರಾಗ ಬ್ಯಾಳಿ ಬೇಯುತನಕ ನಾ ನಿನ್ನ ಹೋಳಿಗಿ ಮುರಿಯಂಗಿಲ್ಲ. ನಾ ಮುರಿಯುತನಕ ನೀ ಮುಂದಿನ ಕೆಲಸ ಹೆಂಗ ಹಿಡೀತಿ, ನೋಡತೀನಿ."

ಪಂಪಣ್ಣ ಲಿಂಗಸುಗೂರಿನ್ಯಾಗ ಒಂದು ದೊಡ್ಡ ಕೆಲಸದ ಮಾತು ಮುಗಿಸಿ ಇಟ್ಟಿದ್ದ. ಅವನ ಬೆವರು ಮೂಗಿನ ತುದಿಯಿಂದ ಇಳೀತು. "ಏನು ಮಾಡಬೇಕು ಹೇಳವ್ವ ಗಾಳವ್ವಾ" ಅಂದ.

ಗಾಳೆಮ್ಮ ಬಡಪಾಯಿ ಮಾರಿ ತೆಗೆದಿಟ್ಟಳು. ಎಲ್ಲಾ ಮೊದಲೇ ನಿಕ್ಕಿ ಮಾಡಿ ಇಟ್ಟುಕೊಂಡಿದ್ದಳು. ಇಳುಕಲಿಗೆ ಸುರಿದ ಗುಡ್ಡಿ ಪೂರಾ ಎತ್ತಿ ಆ ಕಡಿ ಬದಿಗೆ ಹಾಕಬೇಕು, ನಲವತ್ತು ಹೆಜ್ಜಿ ಆದರ ಆಗಲಿ. ಇಳುಕಲಿಗೆ ಅಡ್ಡ ಮೂರು ಒಡ್ಡು, ತಳಕ್ಕ ಕಲ್ಲು. ಕಡೀ ಒಡ್ಡಿನ ಕೆಳಗ ಸೊಂಟದ ಆಳದ ಹೊಂಡ. ಓಡಿ ಬಂದ ನೀರು ಅದರಾಗ ಕುಂತು ದಣಿವು ಆರಿಸಿಕೊಂಡು, ಮಣ್ಣು ಕೆಳಗ ಬಿಟ್ಟು, ಹಾಸಗಲ್ಲಿನ ಮ್ಯಾಲಿಂದ ಹಳ್ಳಕ್ಕ ಇಳೀಬೇಕು. ಕಡಿದ ದಿನ್ನಿ ಮೈ ಮ್ಯಾಲೆಲ್ಲ ಕರಿಕಿ ಹುಲ್ಲು ಹಚ್ಚಬೇಕು. ಇನ್ನೂ ಕಡಿಯೋ ದಿನ್ನಿಯನ್ನ ಒಮ್ಮಿಗೇ ಬೋಳು ಮಾಡಬಾರದು, ಬೇಕಾದಷ್ಟೇ ಬಿಚ್ಚಬೇಕು.

"ಮತ್ತ ಒಡ್ಡಿನ ಮುಂದ ಬಳ್ಳಾರಿ ಜಾಲಿ ಮುಳ್ಳು ಒಟ್ಟಬೇಕು" ಅಂದಳು. "ಅದನ್ನ ಎಮ್ಮಿ ತಿನ್ನಂಗಿಲ್ಲ. ಮತ್ತ…" ಅಂದು ನನ್ನ ಕಡಿ ಒಂದು ಸಲ ನೋಡಿ, ಮಾತು ಅಲ್ಲಿಗೇ ಬಿಟ್ಟಳು.

ಆವತ್ತು ಎಲ್ಲರೂ ಬರೇ ಅನ್ನ ಸಾರು ಉಂಡಿವಿ. ಆ ಹೋಳಿಗಿ ಮುದುಕಪ್ಪನ ಎಮ್ಮಿಗೆ ಹೋದವು. ಆ ವರ್ಷ ಆ ಎಮ್ಮಿಗಳ ನಸೀಬು ಹಂಗಿತ್ತು.

ಐದು ದಿನ ಕೆಲಸ. ಮುಳ್ಳು ಕಡಿದು ಎಳೆಯೋದು ದಾದೇಸಾಬನ ಪಾಲಿಗೆ ಬಂತು. ಮೂರನೇ ದಿನಕ್ಕ ಅವನ ಬಿಳೇ ಲುಂಗಿ ಜಾಳಿಗಿ ಆಗಿತ್ತು. "ಗಾಳವ್ವಾ, ಇದು ಗೋದಾಮಿನ ಕೆಲಸನೋ ಜೇಲಿನ ಕೆಲಸನೋ?" ಅಂದ. "ನಲವತ್ತು ಹೆಜ್ಜಿ ಉಳಿಸಿದ್ದಿ ಅಲ್ಲ ಮೇಸ್ತ್ರಿ, ಅದರ ಬಾಕಿ" ಅಂದಳು.

ಹುಬ್ಬಿ ಹೇಳಿದ ದಿನಕ್ಕೇ ಬಂತು. ಮೂರು ದಿನ ಬಿಟ್ಟೂಬಿಡದಂಗ ಹೊಡೀತು. ಗೋಣಿಚೀಲ ತಲಿ ಮ್ಯಾಲ ಹಾಕಿಕೊಂಡು ಗಾಳೆಮ್ಮ ಹೊಂಡದ ದಂಡಿಗೆ ಹೋಗಿ ನಿಲ್ಲುತ್ತಿದ್ದಳು. ಇಳುಕಲಿನಿಂದ ಬಂದ ನೀರು ಮೊದಲ ಒಡ್ಡಿಗೆ ಕೆಂಪು ಅಂಬಲಿ ಇತ್ತು. ಮುಳ್ಳು, ಕಲ್ಲು ದಾಟಿ ಮೂರನೇದಕ್ಕ ಬಂದಾಗ ಮಜ್ಜಿಗಿ. ಹೊಂಡದಾಗ ಕುಂತು ಎದ್ದು ಹಾಸಗಲ್ಲು ದಾಟೋ ಮುಂದ ಮಜ್ಜಿಗಿ ಮ್ಯಾಲಿನ ತಿಳಿ. ನಾಲ್ಕನೇ ದಿನ ಬಿಸಿಲು ಬಿತ್ತು. ಹೊಂಡ ಮುಕ್ಕಾಲು ಪಾಲು ಹೂಳು ತುಂಬಿತ್ತು. ಪಂಪಣ್ಣ ಬಗ್ಗಿ ನೋಡಿದ. "ಇಷ್ಟೂ ಹಳ್ಳಕ್ಕ ಹೋಗತಿತ್ತೇನವ್ವ?" ಅಂದ.

"ಹಳ್ಳಕ್ಕಲ್ಲ ಯಪ್ಪಾ, ನಮ್ಮ ಗಂಗಾಳಕ್ಕ."

ವರ್ತಿ ಮ್ಯಾಲಿನ ಹಳೇ ಹೂಳು ಪದರ ಪದರ ಎಬ್ಬಿಸಿದಿವಿ, ಅಡಿಯಾಗಿನ ಮೆತ್ತಿದ ಉಸುಕು ಒಂದು ಗೇಣು ತೆಗೆದು ಒಗೆದಿವಿ. ಮೊದಲನೇ ದಿನ ಬಂದ ನೀರು ಕೆಂಪು, ಚೆಲ್ಲಿದಿವಿ. ಎರಡನೇ ದಿನ ಮಬ್ಬು, ಚೆಲ್ಲಿದಿವಿ. ಮೂರನೇ ದಿನ ನೀರೇ ಬರಲಿಲ್ಲ. ಗಾಳೆಮ್ಮ ದಂಡಿಗೇ ಕುಂತುಬಿಟ್ಟಳು. ಅತ್ತಿ ತೋರಿಸಿದ ಜಾಗಾ ಬಿಟ್ಟು ಒಂದು ಗೇಣೂ ಆಚೀಚೆ ಬಗೆಯೋಕೆ ಒಪ್ಪಲಿಲ್ಲ. ಏಳನೇ ದಿನ ಮುಂಜಾನಿ ಹೋದರ ವರ್ತಿ ಅರ್ಧ ತುಂಬಿತ್ತು, ತಳದಾಗಿನ ಉಸುಕಿನ ಕಾಳು ಒಂದೊಂದು ಎಣಿಸಬಹುದಿತ್ತು. ಗಾಳೆಮ್ಮ ಕುಡೀಲಿಲ್ಲ. ಮನಿಗೆ ಒಯ್ದು ಒಂದು ಹಿಡಿ ಬ್ಯಾಳಿ ಹಾಕಿದಳು. ಒಂದು ಕುದಿ, ಎರಡು ಕುದಿ. ತೆಗೆದು ನನ್ನ ಅಂಗೈ ಮ್ಯಾಲ ಇಟ್ಟು ಹೆಬ್ಬೆರಳಿಲೆ ಒತ್ತಿದಳು. ಬೆಣ್ಣಿ.

ಹೋಳಿಗಿ ಮಾಡಿ, ಡಬ್ಬಿಗೆ ಹಾಕಿ, ಬಿಳೇ ಅರಿವಿಯಾಗ ಕಟ್ಟಿ, ದಾದೇಸಾಬನ ಕೈಲೆ ಸಿಂಧನೂರಿನ ಬಸ್ಸಿಗೆ ಕಳಿಸಿದಳು. ಡಬ್ಬಿ ಸಂಜಿಗೆ ತಿರುಗಿ ಬಂತು, ಒಳಗ ಮಾರೆಮ್ಮ ಕಳಿಸಿದ ಎಲಿ ಅಡಿಕಿ, ಜೊತಿಗೆ ಒಂದು ಮಾತು: "ಗೋದಾಮು ಗಟ್ಟಿ ಇರಲಿ, ವರ್ತಿ ಅದಕ್ಕಿಂತ ಗಟ್ಟಿ ಇರಲಿ."

ಮುಂದ ಪಂಪಣ್ಣ ಲಿಂಗಸುಗೂರಿನ್ಯಾಗ, ಮಸ್ಕಿಯಾಗ ಎಲ್ಲಿ ಮಣ್ಣು ಕೆಲಸ ಹಿಡಿದರೂ ಮೊದಲು ಜೀಪು ಕಳಿಸಿ ಗಾಳೆಮ್ಮನ್ನ ಕರೆಸುತ್ತಿದ್ದ. ಆಕಿ ಹೋಗಿ ಒಂದು ಹಿಡಿ ಮಣ್ಣು ಒತ್ತಿ, ಊದಿ, ಎಲ್ಲಿ ಸುರೀಬೇಕು, ಎಲ್ಲಿ ಮುಳ್ಳು ಒಟ್ಟಬೇಕು ಹೇಳಿ ಬರುತ್ತಿದ್ದಳು. ಮಂದಿ ಮುಳ್ಳಿನ ಗಾಳೆಮ್ಮ ಅಂತ ಹೆಸರಿಟ್ಟರು. ತೊಂಬತ್ತೆಂಟರತನಕ ಹಂಗ ಹೋದಳು, ಆಮ್ಯಾಲ ಮೊಣಕಾಲು ಕೇಳಲಿಲ್ಲ.

ಆದರ ವರ್ತಿ ತಿಳಿಯಾದ ಆ ಮರುದಿನದ ಮಾತು ಇನ್ನೂ ಹೇಳಿಲ್ಲ. ಗಾಳೆಮ್ಮ ನನ್ನ ಬಾಗಿಲಿಗೆ ಬಂದು ನಿಂತು ಅಂದಳು, "ತಿಮ್ಮಿ, ಮಧ್ಯಾಹ್ನ ಊಟಕ್ಕ ಬಾ."

"ಇವತ್ತು ಒಪ್ಪತ್ತು ಐತಿ" ಅಂದೆ.

"ನಿನ್ನ ಒಪ್ಪತ್ತು ಸೋಮವಾರ. ಇವತ್ತು ಗುರುವಾರ."

ಹೋದೆ. ಹೋಳಿಗಿ ನಾಲ್ಕು ಬಡಿಸಿದಳು, ಮ್ಯಾಲ ತುಪ್ಪ. ಬಾಯಿಗೆ ಇಟ್ಟರ ಕರಗತಿತ್ತು. ನಾನು ಎರಡನೇ ತುತ್ತಿಗೆ ಏನು ಬಂದೀತೋ ಅಂತ ಕಾದೆ. ಗಂಗಾಳದ ಮಗ್ಗಲಕ ಒಂದು ತೊಗರಿ ಕಟ್ಟಿಗಿ ತಂದಿಟ್ಟಳು. ಒಂದೇ ಒಂದು. ಅದಕ್ಕ ಆಕಿ ಕೈಯಾರೆ ಹಾಕಿದ ನಾರಿನ ಗಂಟು ಹಂಗೇ ಇತ್ತು.

"ಎಂದು ಗೊತ್ತಾತು?" ಅಂದೆ.

"ಮೊದಲನೇ ಹೊರಿಗೇ. ಮಳಿಗಾಲದಾಗ ನಿನ್ನ ಒಲಿ ಹೊಗಿ ಇಲ್ಲದಂಗ ಉರಿಯಾಕತ್ತಿತ್ತು." ಎದುರಿಗೆ ಕುಂತಳು. "ಮುಳ್ಳು ಯಾಕ ಒಟ್ಟಿಸಿದೆ ಅಂತ ಮಾಡಿದಿ? ಎಮ್ಮಿ ತಡೆಯೋಕಾದರ ಹುಲ್ಲು ಬಿಟ್ಟು ಬ್ಯಾರೇದೇನು ಹಾಕಿದ್ದರೂ ಸಾಕಿತ್ತು. ನಿನಗೇ ಮುಳ್ಳು ಬೇಕಾತು."

ನಾನು ನಾಲ್ಕೂ ಹೋಳಿಗಿ ಉಂಡೆ. ಬಿಡೋದಕ್ಕ ಮನಸ್ಸೂ ಬರಲಿಲ್ಲ, ಅಷ್ಟು ಚಲೋ ಇದ್ದವು. ಕೈ ತೊಳೆದ ಮ್ಯಾಲ ಆಕಿ ಮೂಲಿಯಾಗಿನ ಸಲಿಕಿ ತೆಗೆದು ನನ್ನ ಕೈಗೆ ಕೊಟ್ಟಳು. ಹೊಂಡ ತುಂಬಿದಾಗೊಮ್ಮೆ ಹೂಳು ಎತ್ತಬೇಕು, ಎತ್ತದಿದ್ದರ ಮುಂದಿನ ಮಳಿ ನೀರು ಕೂಡ್ರೋಕೆ ಜಾಗ ಇರಂಗಿಲ್ಲ.

ಆ ವರ್ಷ ಉತ್ರಿ, ಹಸ್ತ, ಚಿತ್ತಿ ಮಳಿ ಮುಗಿಯುತನಕ ಆ ಹೊಂಡ ಖಾಲಿ ಮಾಡಿದಾಕಿ ನಾನೇ. ಏಳು ಸಲ. ಹೊರಿಗೊಂದು ಸಲ. ಏಳನೇದು ಮುಗಿಸಿ ಮ್ಯಾಲ ಬಂದಾಗ ಗಾಳೆಮ್ಮ ವರ್ತಿಯಿಂದ ಒಂದು ಚಿಪ್ಪು ನೀರು ತುಂಬಿ ಹಿಡಿದುಕೊಂಡು ನಿಂತಿದ್ದಳು. ಒಂದೇ ಗುಟುಕಿಗೆ ಕುಡಿದೆ.

"ಹೆಂಗೈತಿ?" ಅಂದಳು.

"ಇನ್ನೊಂದು ಚಿಪ್ಪು ಕೊಡು, ಹೇಳತೀನಿ" ಅಂದೆ.